ಗೇಜು ಸರಿ ಎಂದಿತು, ಕಾರು ನಿಂತಿತು

ಯಾವ ಕಾರ್ಯಕ್ಕೂ ಒಂದು ಕಾರಣ ಇದ್ದೇ ಇರುತ್ತದೆ. ಅದನ್ನು ಶಾಂತಚಿತ್ತದಿಂದ, ಪೂರ್ವಗ್ರಹವಿಲ್ಲದೆ ಹುಡುಕಿ ತೆಗೆಯುವುದೇ ಮೆಕ್ಯಾನಿಕ್ಕನ ಧರ್ಮ. ಹುಡುಕಿ ಸಿಗದಿದ್ದಾಗ ಪೆಟ್ರೋಲ್ ಪಂಪ್ ಬದಲಿಸಿ ನೋಡುವುದು ಆಪದ್ಧರ್ಮ. ನಲವತ್ತೊಂದು ವರ್ಷಗಳ ವೃತ್ತಿಯಲ್ಲಿ ನಾನು ಧರ್ಮವನ್ನು ಎಷ್ಟು ಪಾಲಿಸಿದೆ, ಆಪದ್ಧರ್ಮವನ್ನು ಎಷ್ಟು ಪಾಲಿಸಿದೆ ಎಂಬ ಲೆಕ್ಕಕ್ಕೆ ಇಲ್ಲಿ ಹೋಗುವುದಿಲ್ಲ. ಬದಲಿಸಿ ಎಸೆದ ಪಂಪುಗಳಿಗೆ ಬಾಯಿಲ್ಲ ಎಂಬುದೊಂದೇ ನನ್ನ ಸಮಾಧಾನ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಈಗಲೂ ಫೋನ್ ಮಾಡಿ ಕೇಳುತ್ತಾರೆ: ಫ್ಯುಯಲ್ ಪ್ರೆಶರ್ ಕಡಿಮೆಯಾಗಿದೆ ಎಂದು ಅನುಮಾನ ಬಂದರೆ ಹೇಗೆ ಕಂಡುಹಿಡಿಯುವುದು? ಪ್ರಶ್ನೆ ಚಿಕ್ಕದು, ಉತ್ತರವೂ ಚಿಕ್ಕದೇ. ಒತ್ತಡ ಅಳೆಯುವ ಗೇಜು ಹಾಕಿ ನೋಡಿ. ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಎಂಜಿನ್ನಿನವರೆಗೆ ಒಂದು ನಿಗದಿತ ಬಲದಲ್ಲಿ ತಳ್ಳಬೇಕು. ಆ ಬಲ ಕಡಿಮೆಯಾದರೆ ಎಂಜಿನ್ನಿಗೆ ಹೊಟ್ಟೆಗೆ ಸಾಲುವುದಿಲ್ಲ. ಏರಿನಲ್ಲಿ ಕೆಮ್ಮುತ್ತದೆ, ಕಾಲೊತ್ತಿದರೂ ಎಳೆಯುವುದಿಲ್ಲ, ಕೊನೆಗೆ ನಿಂತುಬಿಡುತ್ತದೆ. ಪಂಪು ಸೊರಗಿರಬಹುದು, ಫಿಲ್ಟರ್ ಕಟ್ಟಿರಬಹುದು, ಒತ್ತಡ ಕಾಯುವ ರೆಗ್ಯುಲೇಟರ್ ಕೆಟ್ಟಿರಬಹುದು, ಪಂಪಿಗೆ ಹೋಗುವ ವೈರು ಕಿಲುಬು ಹಿಡಿದಿರಬಹುದು. ಒಂದೊಂದನ್ನೇ ತಳ್ಳಿಹಾಕುತ್ತ ಬಂದರೆ ಕೊನೆಗೆ ಉಳಿಯುವುದೇ ಕಾರಣ ಎಂದು ಪುಸ್ತಕಗಳು ಹೇಳುತ್ತವೆ. ಎಲ್ಲವನ್ನೂ ತಳ್ಳಿಹಾಕಿದ ಮೇಲೆ ಏನೂ ಉಳಿಯದಿದ್ದರೆ ಏನು ಮಾಡಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಆ ಕೊರತೆಯನ್ನು ತುಂಬಲು ಇದನ್ನು ಬರೆಯುತ್ತಿದ್ದೇನೆ. ತುಂಬುತ್ತದೆ ಎಂಬ ಭರವಸೆ ನನಗೂ ಇಲ್ಲ.

ನಾನು ಕೆಲಸ ಕಲಿತದ್ದು ಮಂಗಳೂರಿನ ಒಂದು ಗ್ಯಾರೇಜಿನಲ್ಲಿ, ಫೆಲಿಕ್ಸ್ ಮೇಸ್ತ್ರಿಯ ಕೈಕೆಳಗೆ. ಮೇಸ್ತ್ರಿಯ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಸುಟ್ಟ ಗಾಯದ ಗುರುತಿತ್ತು. ಬಿಸಿಲಲ್ಲಿ ನಿಂತಿದ್ದ ಕಾರಿನ ಪೆಟ್ರೋಲ್ ಪೈಪನ್ನು ಅವಸರದಲ್ಲಿ ಬಿಚ್ಚಿದಾಗ, ಕಾದ ಟ್ಯಾಂಕಿನೊಳಗೆ ಕಟ್ಟಿಕೊಂಡಿದ್ದ ಆವಿ ಪೆಟ್ರೋಲನ್ನು ಪಿಚಕಾರಿಯಂತೆ ಹೊರಗೆಸೆದಿತ್ತಂತೆ. ಪಕ್ಕದಲ್ಲಿ ಯಾರೋ ಬೀಡಿ ಹಚ್ಚಿದ್ದರು. ಆ ದಿನದಿಂದ ಮೇಸ್ತ್ರಿ ಒಂದು ಶಾಸನ ಹೊರಡಿಸಿದರು: ಪೆಟ್ರೋಲ್ ಪೈಪಿಗೆ ಸ್ಪಾನರ್ ಹಾಕುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಬೇಕು. ತೆಗೆದರೆ ಸಾಲದು, ತಂದು ಅವರ ಮೇಜಿನ ಮೇಲೆ ಇಡಬೇಕು.

"ಮುಚ್ಚಳ ತೆಗ್ದಿಯಾ?"

"ತೆಗ್ದೆ ಮೇಸ್ತ್ರಿ."

"ಬಾಯಲ್ಲಿ ಬೇಡ. ತೋರ್ಸು."

ತೋರಿಸಲು ಆಗದವರ ಬೆರಳಿನ ಗೆಣ್ಣಿಗೆ ಹತ್ತು ನಂಬರಿನ ಸ್ಪಾನರಿನಿಂದ ಒಂದು ಏಟು ಬೀಳುತ್ತಿತ್ತು. ನನಗೆ ನಾಲ್ಕು ಬಿದ್ದಿವೆ. ಐದನೆಯದು ಬೀಳಲಿಲ್ಲ. ಆಮೇಲೆ ಜೀವಮಾನವಿಡೀ, ಪೆಟ್ರೋಲಿನ ಕೆಲಸ ಎಂದ ಕೂಡಲೇ ನನ್ನ ಕೈ ತಲೆಯನ್ನು ಕೇಳದೆಯೇ ಮುಚ್ಚಳಕ್ಕೆ ಹೋಗುತ್ತಿತ್ತು. ಬೇರೆಯವರು ಊಟಕ್ಕೆ ಮುಂಚೆ ಕೈ ತೊಳೆಯುವ ಹಾಗೆ.

ಆ ಕಾಲದಲ್ಲಿ ಪಂಪು ಪರೀಕ್ಷಿಸಲು ಗೇಜು ಎಂಬುದೇ ಇರಲಿಲ್ಲ. ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಬಾಟಲಿಗೆ ಹಿಡಿಯುವುದು, ಒಬ್ಬ ಸ್ಟಾರ್ಟರ್ ಹೊಡೆಯುವುದು, ಮೇಸ್ತ್ರಿ ಕಣ್ಣು ಕಿರಿದು ಮಾಡಿ ನೋಡುವುದು. ಉಗಿತ ಜೋರಾಗಿದ್ದರೆ ಪಂಪು ಪಾಸು, ತೊಟ್ಟಿಕ್ಕಿದರೆ ಫೇಲು. ನನಗೆ ಗೊತ್ತಿರುವ ಮಟ್ಟಿಗೆ ಆ ವಿಶ್ವವಿದ್ಯಾಲಯದ ಫಲಿತಾಂಶದಲ್ಲಿ ಮರುಎಣಿಕೆ ಯಾವತ್ತೂ ಬೇಕಾಗಲಿಲ್ಲ.

ಮಂಗಳೂರಿನಿಂದ ಮಲಯ್ ನಾಡಿನ ಪಿನಾಂಗ್ ದ್ವೀಪದ ಬಯಾನ್ ಲೆಪಾಸಿಗೆ ನಾನು ಬಂದು ಸೇರಿದ್ದು ಹೇಗೆ ಎಂಬ ಕತೆಯಲ್ಲಿ ಪೆಟ್ರೋಲಿನ ಪಾತ್ರ ಇಲ್ಲದ್ದರಿಂದ ಅದನ್ನು ಬಿಡುತ್ತೇನೆ. ಒಂದು ಕಡೆ ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಗಳು, ಇನ್ನೊಂದು ಕಡೆ ವಿಮಾನ ನಿಲ್ದಾಣ, ನಡುವೆ ನಮ್ಮ ವರ್ಕ್‌ಶಾಪು. ಯಜಮಾನರನ್ನು ಅಲ್ಲಿ ಟೌಕೇ ಎನ್ನುತ್ತಾರೆ. ನಮ್ಮ ಟೌಕೇ ನನಗಿಂತ ಎರಡು ವರ್ಷಕ್ಕೆ ಚಿಕ್ಕವರು, ಮಲಯ್ ಬೆರೆತ ಇಂಗ್ಲಿಷಿನಲ್ಲಿ ನನ್ನನ್ನು ಬೈಯುತ್ತಿದ್ದರು, ನಾನು ಇಂಗ್ಲಿಷ್ ಬೆರೆತ ಮಲಯ್‌ನಲ್ಲಿ ಒಪ್ಪಿಕೊಳ್ಳುತ್ತಿದ್ದೆ. ಹೀಗೆ ಇಪ್ಪತ್ತಾರು ವರ್ಷ ನಡೆಯಿತು.

ಟೌಕೇ ಕಾರಿನ ದೋಷ ಓದುವ ಮೊದಲ ಸ್ಕ್ಯಾನರ್ ತಂದ ದಿನ, ಚೀನೀಯರ ಶುಭ ಪದ್ಧತಿಯಂತೆ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ, ಕಿತ್ತಳೆ ಹಣ್ಣಿಟ್ಟು, "ಲಾರೆನ್ಸ್, ಇನ್ನು ಇದೇ ನಿನ್ನ ಮೇಸ್ತ್ರಿ ಲಾ," ಎಂದರು, ಅಲ್ಲಿಯ ರೂಢಿಯಂತೆ ಮಾತಿನ ಕೊನೆಗೊಂದು ಲಾ ಹಚ್ಚಿ. ಹೊಸ ಮೇಸ್ತ್ರಿ ಗೆಣ್ಣಿಗೆ ಹೊಡೆಯುತ್ತಿರಲಿಲ್ಲ ಎಂಬುದು ನಿಜ. ಆದರೆ ಆತ ತಪ್ಪನ್ನು ಹೇಳುತ್ತಿದ್ದನೇ ಹೊರತು ಕಾರಣವನ್ನು ಹೇಳುತ್ತಿರಲಿಲ್ಲ. ಒಮ್ಮೆ ಕಾಲೇಜು ಮೇಷ್ಟರೊಬ್ಬರ ಕಾರು ಸ್ಟಾರ್ಟ್ ಆಗದೆ ಎಳೆದುಕೊಂಡು ಬಂತು. ಹಿಂದಿನ ದಿನ ನಿಂತಾಗ ದಾಖಲಾದ ತಪ್ಪನ್ನು ಸ್ಕ್ಯಾನರ್ ಓದಿ ಹೇಳಿತು: ಗಾಳಿಯ ಜೊತೆಗಿನ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ. ಗೇಜು ಹಾಕಿದರೆ ಒತ್ತಡವೂ ಇಲ್ಲ. ನಾನು ಎರಡು ದಿನ ವೈರುಗಳನ್ನು ಅಳೆದೆ, ಫಿಲ್ಟರ್ ಬದಲಿಸಿದೆ, ಕೊನೆಗೆ ಆಪದ್ಧರ್ಮವನ್ನೂ ಪಾಲಿಸಿದೆ. ಹೊಸ ಪಂಪು ಕೂರಿಸಲು ಟ್ಯಾಂಕ್ ಬಿಚ್ಚಿದಾಗ ಅದರಲ್ಲಿ ಒಂದು ಲೋಟ ಪೆಟ್ರೋಲೂ ಇರಲಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ಅರ್ಧ ಟ್ಯಾಂಕಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮೇಷ್ಟರು ಕಾರಣ ಕೇಳಿದಾಗ ನಾನು, "ಒಳಗಿನ ವಿಷಯ, ಸ್ವಲ್ಪ ಜಟಿಲ," ಎಂದೆ. ಅವರು ತಲೆದೂಗಿದರು. ವಿದ್ಯಾವಂತರನ್ನು ಒಪ್ಪಿಸುವುದು ಯಾವಾಗಲೂ ಸುಲಭ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕೊರೋನಾ ಬಂದು ಎರಡನೆಯ ಸಲ ಸಂಚಾರ ನಿರ್ಬಂಧ ಹಾಕಿದ ಸಮಯ, ೨೦೨೧ರ ಆರಂಭ. ಮನೆಯಿಂದ ಹತ್ತು ಕಿಲೋಮೀಟರ್ ಆಚೆ ಹೋಗುವಂತಿಲ್ಲ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗಲು ಪೊಲೀಸರ ಪರವಾನಗಿ ಬೇಕು. ವರ್ಕ್‌ಶಾಪು ತೆರೆಯಬಹುದು, ಆದರೆ ಗಿರಾಕಿಗಳು ಒಳಗೆ ಬರುವಂತಿಲ್ಲ. ಟೌಕೇ ಬಾಗಿಲಿಗೆ ಹಳದಿ ಗೆರೆ ಎಳೆಸಿದರು. ಕಾರಿನ ಕೀಯನ್ನು ಸ್ಯಾನಿಟೈಸರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಗಿರಾಕಿಗಳು ಕೊಟ್ಟ ಯಾವುದೇ ಕಾಗದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮೂರು ದಿನ ಪ್ರತ್ಯೇಕ ವಾಸ ಮುಗಿಸಿಯೇ ನಮ್ಮ ಕೈಗೆ ಬರಬೇಕು. ಕಾಗದಕ್ಕೆ ಕೆಮ್ಮು ಜ್ವರ ಇದೆಯೇ ಎಂದು ನಾನು ಒಮ್ಮೆ ವಿಚಾರಿಸಿದೆ. ಟೌಕೇ ನಗಲಿಲ್ಲ.

ಹಾಗಿರುವಾಗ ಒಂದು ಸೋಮವಾರ ಶಶಿಕಲಾ ಎಂಬವರು ತಮ್ಮ ಕಾರು ತಂದು ಹಳದಿ ಗೆರೆಯ ಆಚೆ ನಿಂತರು. ಮೈಸೂರಿನವರು, ಪಕ್ಕದ ಕಾರ್ಖಾನೆಯಲ್ಲಿ ಟೆಸ್ಟ್ ಇಂಜಿನಿಯರ್. ನಾನು ಕನ್ನಡದವನೆಂದು ಯಾರೋ ಹೇಳಿದ್ದರಂತೆ. ಹನ್ನೆರಡು ವರ್ಷ ಹಳೆಯ ಚಿಕ್ಕ ಕಾರು, ಎರಡನೆಯ ಕೈಯದ್ದು.

"ಅಂಕಲ್, ಮುಕ್ಕಾಲು ಗಂಟೆ ಚೆನ್ನಾಗಿ ಓಡುತ್ತೆ. ಆಮೇಲೆ ಉಸಿರು ಕಟ್ಟಿದ ಹಾಗೆ ಆಗಿ ನಿಂತೋಗುತ್ತೆ. ಮೂರು ಸಲ ಹೀಗಾಗಿದೆ."

"ನೋಡುವ ಅಮ್ಮಾ. ಅರ್ಜೆಂಟ್ ಉಂಟಾ?"

"ಭಾನುವಾರ ಇದು ಕೌಲಾಲಂಪುರ ಏರ್‌ಪೋರ್ಟ್ ತನಕ ಹೋಗಬೇಕು."

ಅವರು ಹೇಳಿದ್ದನ್ನು ಅವರ ಧಾಟಿಯಲ್ಲಿ ಹೇಳಲು ನನಗೆ ಬಾರದು, ವಿಷಯ ಇಷ್ಟು. ಹಿಂದಿನ ವರ್ಷ ಕೆಲಸ ಸಿಕ್ಕಿ ಒಬ್ಬರೇ ಬಂದಿದ್ದರು. ಮನೆ ಹಿಡಿದು, ಗಂಡನನ್ನೂ ನಾಲ್ಕು ವರ್ಷದ ಮಗಳನ್ನೂ ಕರೆಸಿಕೊಳ್ಳುವ ಹೊತ್ತಿಗೆ ಗಡಿಗಳು ಮುಚ್ಚಿದವು. ಹತ್ತು ತಿಂಗಳಿಂದ ಮಗಳನ್ನು ಫೋನಿನಲ್ಲಿ ಮಾತ್ರ ನೋಡುತ್ತಿದ್ದರು. ಈಗ ಕೆಲಸ ಬಿಟ್ಟಿದ್ದರು. ಭಾನುವಾರ ಸಂಜೆಯ ವಿಶೇಷ ವಿಮಾನದಲ್ಲಿ ಒಂದು ಸೀಟು ಸಿಕ್ಕಿತ್ತು; ಮುಂದಿನದು ಯಾವಾಗ ಎಂದು ಹೇಳುವವರಿಲ್ಲ. ಪೊಲೀಸರ ಪರವಾನಗಿಯಲ್ಲಿ ಅವರ ಹೆಸರು, ಆ ಒಂದು ದಿನ ಮತ್ತು ಆ ಕಾರಿನ ನಂಬರು ಇದ್ದವು. ಬೇರೆ ಕಾರಿನಲ್ಲಿ ಹೋದರೆ ಮೊದಲ ತಪಾಸಣೆಯಲ್ಲೇ ವಾಪಸ್. ಕಾರನ್ನು ಏರ್‌ಪೋರ್ಟಿನ ಹತ್ತಿರದ ಸೈಬರ್‌ಜಯಾದಲ್ಲಿರುವ ಗೆಳತಿಗೆ ಮಾರಿದ್ದರು. ಅಲ್ಲಿ ಬಿಟ್ಟು ಏರ್‌ಪೋರ್ಟಿಗೆ ಹೋಗುವುದು ಎಂದಿತ್ತು. ನಾಲ್ಕೂವರೆ ಗಂಟೆಯ ದಾರಿ, ಮುಕ್ಕಾಲು ಗಂಟೆಗೆ ನಿಲ್ಲುವ ಕಾರು.

"ಒಂದು ಪೇಪರ್ ಇಟ್ಟಿದೀನಿ ಅಂಕಲ್, ವೈಪರ್ ಕೆಳಗೆ. ನಿಂತಾಗೆಲ್ಲ ಏನೇನಾಯ್ತು ಅಂತ ಬರೆದಿದೀನಿ. ನೋಡಿ ಪ್ಲೀಸ್."

"ಆಗ್ಲಿ, ಆಗ್ಲಿ," ಎಂದೆ. ಟೌಕೇ ಆ ಕಾಗದವನ್ನು ಚಿಮುಟದಲ್ಲಿ ಹಿಡಿದು ರಟ್ಟಿನ ಪೆಟ್ಟಿಗೆಗೆ ಸೇರಿಸಿದರು. ನನಗೆ ಬೇಸರವಾಗಲಿಲ್ಲ. ರೋಗಿಗಳು ಬರೆದುಕೊಂಡು ಬಂದದ್ದನ್ನು ಓದುವ ಡಾಕ್ಟರನ್ನು ನಾನು ಆವರೆಗೆ ಕಂಡಿರಲಿಲ್ಲ.

ಸೋಮವಾರ ಸ್ಕ್ಯಾನರ್ ಹಾಕಿದೆ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ ಎಂದಿತು. ಸರಿ, ಪ್ರೆಶರಿನ ವಿಷಯ. ಮುಚ್ಚಳ ತೆಗೆದು ಮೇಜಿನ ಮೇಲಿಟ್ಟೆ. ಅದು ಕಾರಿನ ಜೊತೆ ಬಂದದ್ದಲ್ಲ, ಬೀಗ ಇರುವ ಬೇರೆ ಮುಚ್ಚಳ. ಹಳೆಯದನ್ನು ಶಶಿಕಲಾ ಪೆಟ್ರೋಲ್ ಬಂಕಿನಲ್ಲಿ ಕಾರಿನ ಮಾಡಿನ ಮೇಲೆ ಇಟ್ಟು ಮರೆತು ಹೊರಟಿದ್ದರಂತೆ. ಗೇಜು ಜೋಡಿಸಿದೆ. ಒತ್ತಡ ಮೂರು ಬಾರ್ ಇರಬೇಕು, ಮೂರು ಬಾರ್ ಇತ್ತು. ಅರ್ಧ ಗಂಟೆ ಎಂಜಿನ್ ಓಡಿಸಿದೆ, ಮುಳ್ಳು ಅಲ್ಲಾಡಲಿಲ್ಲ. ಯಾವುದಕ್ಕೂ ಇರಲಿ ಎಂದು ಫಿಲ್ಟರ್ ಬದಲಿಸಿದೆ.

ಮಂಗಳವಾರ ಓಡಿಸಿ ನೋಡಲು ಹೊರಟೆ. ಮುಕ್ಕಾಲು ಗಂಟೆ ಓಡಿದರೆ ಮಾತ್ರ ಕಾಣುವ ರೋಗ, ಹತ್ತು ಕಿಲೋಮೀಟರ್ ಮಾತ್ರ ಓಡಬಹುದಾದ ಕಾನೂನು. ಹಾಗಾಗಿ ಕಾರ್ಖಾನೆಗಳ ಸುತ್ತ ಪ್ರದಕ್ಷಿಣೆ ಹಾಕಿದೆ. ಏನೂ ಆಗಲಿಲ್ಲ. ಬುಧವಾರ ಮತ್ತೆ ಹೊರಟೆ. ಐವತ್ತೈದನೆಯ ನಿಮಿಷದಲ್ಲಿ, ವಿಮಾನ ನಿಲ್ದಾಣದ ಬೇಲಿಯ ಪಕ್ಕ, ಕಾರು ಎರಡು ಸಲ ಜಗ್ಗಿ ನಿಂತಿತು. ಸ್ಟಾರ್ಟರ್ ಹೊಡೆದೆ, ಹೂಂ ಎನ್ನಲಿಲ್ಲ. ನನಗಾದ ಸಂತೋಷವನ್ನು ಬರೆದರೆ ಯಾರೂ ನಂಬಲಿಕ್ಕಿಲ್ಲ. ಕಳ್ಳ ಸಿಕ್ಕಿಬಿದ್ದ!

ಇಳಿದು, ಮುಚ್ಚಳ ತೆಗೆದೆ. ತುಸು ಬಿಗಿಯಾಗಿತ್ತು, ಅಗ್ಗದ ಮಾಲು ಎಂದು ಬೈದೆ. ಅದೇ ಹೊತ್ತಿಗೆ ತಲೆಯ ಮೇಲೆ ಸರಕು ವಿಮಾನವೊಂದು ಇಳಿಯಿತು. ಅದು ಇಳಿಯದಿದ್ದರೂ ನನಗೆ ಏನಾದರೂ ಕೇಳಿಸುತ್ತಿತ್ತೋ ಇಲ್ಲವೋ. ನನ್ನ ಎಡಗಿವಿಯನ್ನು ನಾನು ಏರ್ ಕಂಪ್ರೆಸರಿಗೆ ಎಂದೋ ಅರ್ಪಿಸಿದ್ದೆ, ಬಲಗಿವಿಯೂ ಅದರ ಹಾದಿಯಲ್ಲಿತ್ತು. ಬಾನೆಟ್ ಎತ್ತಿ ಗೇಜು ಜೋಡಿಸಿ ಕೀ ತಿರುಗಿಸಿದೆ.

ಮೂರು ಬಾರ್.

ಕನ್ನಡಕ ಒರೆಸಿ ನೋಡಿದೆ. ಮೂರೇ ಬಾರ್. ಸ್ಟಾರ್ಟರ್ ಹೊಡೆದೆ, ಎಂಜಿನ್ ಚಿಟಿಕೆ ಹೊಡೆದಂತೆ ಎದ್ದಿತು. ಸತ್ತವನ ನಾಡಿ ಹಿಡಿದರೆ ನಾಡಿ ಸರಿಯಾಗಿ ಬಡಿಯುತ್ತಿದೆ, ನಾಡಿ ಹಿಡಿದ ಮೇಲೆ ಸತ್ತವನು ಎದ್ದು ಕುಳಿತು ಊಟ ಆಯಿತೇ ಎಂದು ಕೇಳುತ್ತಿದ್ದಾನೆ. ಆ ರಸ್ತೆಯ ಬದಿಯಲ್ಲಿ ನಾನು ನನ್ನ ನಲವತ್ತು ವರ್ಷಗಳ ವಿದ್ಯೆಯನ್ನೆಲ್ಲ ಒಮ್ಮೆ ಮನಸ್ಸಿನಲ್ಲೇ ಹರವಿ ನೋಡಿದೆ. ಉಪಯೋಗಕ್ಕೆ ಬರುವಂಥದ್ದು ಏನೂ ಸಿಗಲಿಲ್ಲ.

ಗುರುವಾರ ಪಂಪು ಬದಲಿಸಿದೆ.

"ಹಳೆ ಪಂಪ್ ಕೆಟ್ಟಿತ್ತಾ?" ಟೌಕೇ ಕೇಳಿದರು.

"ಗೊತ್ತಿಲ್ಲ."

"ಮತ್ತೆ ಯಾಕೆ ಬದಲಿಸಿದಿ?"

"ಬೇರೆ ಏನು ಬದಲಿಸುವುದು ಅಂತ ಗೊತ್ತಾಗ್ಲಿಲ್ಲ."

ಟೌಕೇ ಹಳೆಯ ಪಂಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ನೀನು ರಿಟೈರ್ ಆಗುವ ವಯಸ್ಸು ಆಯ್ತು ಲಾ," ಎಂದರು. ಬೈಗುಳವಲ್ಲ, ಮಾಹಿತಿ.

ಶುಕ್ರವಾರ ನಾನು ಕೊನೆಯ ಅಸ್ತ್ರ ತೆಗೆದೆ. ಮುಚ್ಚಳ ತೆಗೆದು, ಗೇಜು ಜೋಡಿಸಿ, ಉದ್ದದ ಪೈಪನ್ನು ಬಾನೆಟ್ಟಿನ ಸಂದಿಯಿಂದ ಹೊರಗೆ ತಂದು, ಗೇಜನ್ನು ಮುಂದಿನ ಗಾಜಿಗೆ ಟೇಪಿನಿಂದ ಅಂಟಿಸಿ, ಮುಚ್ಚಳ ಹಾಕಿ ಹೊರಟೆ. ಓಡುತ್ತಿರುವಾಗಲೇ ಒತ್ತಡ ಕಾಣಬೇಕು. ಕಾರ್ಖಾನೆಗಳ ಸುತ್ತ ನಾಲ್ಕನೆಯ ಪ್ರದಕ್ಷಿಣೆಯಲ್ಲಿ ಪೊಲೀಸಿನವನು ಕೈ ತೋರಿಸಿದ. ಹಿಂದಿನ ಮೂರು ಸುತ್ತಿನಲ್ಲೂ ಅವನು ನನ್ನನ್ನು ನೋಡಿದ್ದ. ವಯಸ್ಸಾದವರನ್ನು ಅಲ್ಲಿ ಕರೆಯುವಂತೆ ಮರ್ಯಾದೆಯಿಂದಲೇ ಕೇಳಿದ:

"ಪಕ್ಚಿಕ್, ಎಲ್ಲಿಗೆ?"

"ಎಲ್ಲಿಗೂ ಇಲ್ಲ."

"ಎಲ್ಲಿಂದ ಬಂದಿರಿ?"

"ಇಲ್ಲಿಂದಲೇ."

"ಹಾಗಾದ್ರೆ ಏನು ಮಾಡ್ತಾ ಇದ್ದೀರಿ?"

"ಈ ಕಾರು ಯಾವಾಗ ನಿಲ್ತದೆ ಅಂತ ಕಾಯ್ತಾ ಇದ್ದೇನೆ."

ಅವನು ಗಾಜಿಗಂಟಿದ ಗೇಜನ್ನೂ ನನ್ನ ಮುಖವನ್ನೂ ನೋಡಿದ. "ನಿಲ್ಲಿಸ್ಲಿಕ್ಕೆ ನಾನಿದ್ದೇನಲ್ಲ ಪಕ್ಚಿಕ್. ಮನೆಗೆ ಹೋಗಿ."

ಹೋದೆ. ನಲವತ್ತು ನಿಮಿಷ ಓಡಿದ್ದೆ, ಮುಳ್ಳು ಮೂರು ಬಾರ್ ಬಿಟ್ಟು ಕದಲಿರಲಿಲ್ಲ. ಹೊಸ ಪಂಪೇ ಮದ್ದಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ಸಲ ಹೇಳಿಕೊಂಡ ಮೇಲೆ ಸ್ವಲ್ಪ ನಂಬಿಕೆ ಬಂತು.

ಶನಿವಾರ ಶಶಿಕಲಾ ಕಾರು ಒಯ್ಯಲು ಬಂದಾಗ ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ಮಗಳಿದ್ದಳು. ಐದು ವರ್ಷದ ಚಾರು. ತಾಯಿ ಗೆರೆಯಾಚೆಯಿಂದ ಫೋನನ್ನು ನನ್ನ ಕಡೆ ತಿರುಗಿಸಿದರು.

"ಇವರೇನಾ ಮೆಕ್ಯಾನಿಕ್ ತಾತ?"

"ಹೌದು ಪುಟ್ಟಾ."

"ತಾತ, ಹತ್ತು ತಿಂಗಳಾಯ್ತು. ಒಂದು ಕಾರು ರಿಪೇರಿ ಮಾಡೋಕೆ ಎಷ್ಟು ದಿನ ಬೇಕು ನಿಮಗೆ?"

ನಾನು ತಾಯಿಯ ಮುಖ ನೋಡಿದೆ. ಅವರು ಮಾಸ್ಕಿನ ಮೇಲೆ ಕಣ್ಣೊರೆಸಿಕೊಂಡು, ಫೋನನ್ನು ಎದೆಗೊತ್ತಿ ಹಿಡಿದು, ಮೆಲ್ಲಗೆ ಹೇಳಿದರು: "ಸಾರಿ ಅಂಕಲ್. ಕೊರೋನಾ ಅಂದ್ರೆ ಹೆದರ್ತಾಳೆ ಅಂತ, ಅಮ್ಮನ ಕಾರು ಕೆಟ್ಟಿದೆ, ರಿಪೇರಿ ಆದ ತಕ್ಷಣ ಬರ್ತೀನಿ ಅಂತ ಹೇಳ್ಕೊಂಡು ಬಂದಿದ್ದೆ. ನಿಜವಾಗ್ಲೂ ಕೆಡುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಹೀಗೆ, ಕಾರು ನನ್ನ ಬಳಿ ಬರುವ ಎಷ್ಟೋ ಮೊದಲೇ ಮೈಸೂರಿನ ಒಂದು ಮನೆಯಲ್ಲಿ ನನ್ನ ಅಸಮರ್ಥತೆ ಮನೆಮಾತಾಗಿತ್ತು. ಅದಕ್ಕೆ ತಕ್ಕ ಸಾಕ್ಷ್ಯವನ್ನು ನಾನು ಆಮೇಲೆ ಒದಗಿಸಿದೆ, ಅಷ್ಟೇ.

"ನಾಳೆ ಅಮ್ಮ ಹೊರಡ್ತಾರೆ ಮಗಾ," ಎಂದೆ, ಫೋನಿಗೆ ಕೇಳುವಂತೆ.

"ಏನಾಗಿತ್ತು ಅಂಕಲ್ ಕಾರಿಗೆ?" ತಾಯಿ ಕೇಳಿದರು.

ನಾನು ಆ ಕಾಲೇಜು ಮೇಷ್ಟರನ್ನು ನೆನೆದೆ. ಆದರೆ ಈಕೆ ಟೆಸ್ಟ್ ಇಂಜಿನಿಯರ್. ಗಾಂಭೀರ್ಯ ತಂದುಕೊಂಡು, "ಪಂಪ್," ಎಂದೆ.

"ನಾನು ಬರೆದಿದ್ದು ನೋಡಿದ್ರಾ?"

"ಹೂಂ," ಎಂದೆ. ನೋಡಿರಲಿಲ್ಲ. ಈ ಕಸುಬಿಗೆ ಬರುವವರು ನನ್ನಿಂದ ಕಲಿಯಬಾರದ ವಿಷಯಗಳಲ್ಲಿ ಆ ಹೂಂಕಾರ ಮೊದಲನೆಯದು. ಮನಸ್ಸಿನ ಅಳುಕು ತೀರಿಸಿಕೊಳ್ಳಲು ನಾನೇ ಕಾರನ್ನು ಎದುರಿನ ಬಂಕಿಗೆ ಒಯ್ದು ಟ್ಯಾಂಕನ್ನು ಬಾಯಿಯವರೆಗೆ ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕಿ ಕೀ ಕೊಟ್ಟೆ. ಅದೂ ತಪ್ಪು ಎಂದು ತಿಳಿದದ್ದು ಮರುದಿನ.

ಭಾನುವಾರ ಬೆಳಿಗ್ಗೆ ಆರೂವರೆಗೆ ಅವರು ಹೊರಟರು. ಏಳು ಗಂಟೆಯ ಪೂಜೆಯನ್ನು ನಾನೂ ಹೆಂಡತಿ ಸ್ಟೆಲ್ಲಾಳೂ ಟೀವಿಯ ಮುಂದೆ ಕುಳಿತು ನೋಡುತ್ತಿದ್ದೆವು, ಚರ್ಚು ಮುಚ್ಚಿತ್ತು. ಪ್ರಸಂಗದ ನಡುವೆ ಫೋನ್ ಬಂತು.

"ಅಂಕಲ್, ನಿಂತೋಯ್ತು."

"ಎಲ್ಲಿ?"

"ಬುಕಿತ್ ಮೇರಾ ದಾಟಿದೀನಿ. ಹೈವೇ ಪಕ್ಕದ ಲೇನಲ್ಲಿದೀನಿ, ಹಿಂದೆ ವಾರ್ನಿಂಗ್ ತ್ರಿಕೋನ ಇಟ್ಟಿದೀನಿ. ನಾನೇನು ಅಳ್ತಾ ಇಲ್ಲ. ಏನು ಮಾಡ್ಬೇಕು ಹೇಳಿ."

ಬುಕಿತ್ ಮೇರಾ ಇರುವುದು ಪಕ್ಕದ ರಾಜ್ಯದಲ್ಲಿ. ನನಗಿದ್ದದ್ದು ಹತ್ತು ಕಿಲೋಮೀಟರಿನ ಭೂಮಂಡಲ. ಅವರು ಎಂಬತ್ತು ಕಿಲೋಮೀಟರ್ ದೂರದಲ್ಲಿದ್ದರು. ಸ್ಟೆಲ್ಲಾ ಟೀವಿಯ ಧ್ವನಿ ಆರಿಸಿದಳು.

"ಕೀ ಆನ್ ಮಾಡಿ. ಹಿಂದಿನ ಸೀಟಿನಡಿ ಪಂಪಿನ ಶಬ್ದ ಕೇಳ್ತದಾ?"

"ಕೇಳುತ್ತೆ. ಆದ್ರೆ ಸಾಮಾನ್ಯವಾಗಿ ಇರೋ ಹಾಗಿಲ್ಲ. ಕಿರುಚ್ತಾ ಇದೆ."

ಹೊಸ ಪಂಪು ಕಿರುಚುವುದೇ? ಎಳೆಯಲು ಏನೂ ಸಿಗದಿದ್ದರೆ ಪಂಪು ಕಿರುಚುತ್ತದೆ. ತುಂಬಿದ ಟ್ಯಾಂಕಿನಲ್ಲಿ ಮುಳುಗಿ ಕುಳಿತ ಪಂಪಿಗೆ ಎಳೆಯಲು ಏನೂ ಸಿಗುತ್ತಿಲ್ಲವೇ? ನೀರಿನ ನಡುವೆ ಕುಳಿತು ಬಾಯಾರಿಕೆ ಎಂದಂತೆ. ನನ್ನ ತಲೆ ಅಲ್ಲಿಗೆ ಕೆಲಸ ನಿಲ್ಲಿಸಿತು. ಎಂಜಿನ್ನಿನ ಹತ್ತಿರ ಪೈಪಿನ ಜೋಡಣೆ ಸೋರುತ್ತಿದೆಯೇ ನೋಡಿಸೋಣ ಎಂದುಕೊಂಡೆ. ಪೈಪಿನ ವಿಷಯ ಎಂದ ಕೂಡಲೇ ಬಾಯಿ ತಾನಾಗಿಯೇ ಹೇಳಿತು:

"ಮೊದ್ಲು ಪೆಟ್ರೋಲಿನ ಮುಚ್ಚಳ ತೆಗೀರಿ. ಆಮೇಲೆ ಬಾನೆಟ್."

"ಯಾಕೆ ಅಂಕಲ್?"

"ಯಾಕೆ ಅಂದ್ರೆ, ಅದು ಹಾಗೇ. ಕ್ರಮ."

ಕೀ ತಿರುಗಿಸಿದ ಸದ್ದು. ಏದುಸಿರು. ಒಂದು ಲಾರಿ ಹಾದುಹೋದ ಸದ್ದು. ಆಮೇಲೆ ನನ್ನ ಬಲಗಿವಿಗೂ ಕೇಳಿಸುವಂಥ ಕೂಗು.

"ಅಂಕಲ್! ಉಸ್ಸ್ ಅಂತು! ಬಿಡಿಸೋಕೇ ಆಗ್ತಿರ್ಲಿಲ್ಲ, ಯಾರೋ ಒಳಗಡೆಯಿಂದ ಹಿಡ್ಕೊಂಡ ಹಾಗಿತ್ತು. ಗಾಳಿ ಒಳಗೆ ಹೋಯ್ತು."

"ಹೊರಗೆ ಬಂದದ್ದಲ್ವಾ?"

"ಅಲ್ಲ, ಒಳಗೆ. ಮತ್ತೆ, ಪಂಪ್ ಕಿರುಚೋದು ನಿಂತೋಯ್ತು." ಸ್ಟಾರ್ಟರಿನ ಸದ್ದು, ಎಂಜಿನ್ ಎದ್ದ ಸದ್ದು. ಆಮೇಲೆ ಅವರು ಬೇರೆಯೇ ದನಿಯಲ್ಲಿ, ಆಫೀಸಿನ ದನಿಯಿರಬೇಕು ಅದು, ಕೇಳಿದರು: "ಅಂಕಲ್, ವರ್ಕ್‌ಶಾಪಲ್ಲಿ ಪ್ರೆಶರ್ ಅಳೆಯೋಕೆ ಮುಂಚೆ ನೀವು ಈ ಮುಚ್ಚಳ ತೆಗೀತಿದ್ರಾ?"

"ತೆಗೀತಿದ್ದೆ."

"ಪ್ರತಿ ಸಲ?"

"ಪ್ರತಿ ಸಲ."

"ಅಂದ್ರೆ ನೀವು ಪ್ರತಿ ಸಲ ಮೊದಲು ರಿಪೇರಿ ಮಾಡಿ, ಆಮೇಲೆ ಅಳೀತಿದ್ರಿ."

ನಾನು ಕುರ್ಚಿಯಲ್ಲಿ ಕುಳಿತೆ. ಟೀವಿಯಲ್ಲಿ ಪಾದ್ರಿಗಳು ಸದ್ದಿಲ್ಲದೆ ಕೈಯೆತ್ತಿ ಏನೋ ಕ್ಷಮಿಸುತ್ತಿದ್ದರು.

ಹೊಸಬರಿಗೆ ಅರ್ಥವಾಗುವಂತೆ ಹೇಳುತ್ತೇನೆ. ನನಗೆ ಪೂರ್ತಿ ಅರ್ಥವಾಗಲು ಅರ್ಧ ದಿನ ಬೇಕಾಯಿತು. ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆಂದೇ ಕಾರಿನಡಿ ಒಂದು ಉಸಿರಾಟದ ಪೈಪು ಇರುತ್ತದೆ. ಮೊದಲಿನ ಮುಚ್ಚಳದಲ್ಲೂ ಗಾಳಿ ಒಳಗೆ ಬಿಡುವ ಒಂದು ಸಣ್ಣ ಕವಾಟ ಇರುತ್ತದೆ. ಬೀಗದ ಮುಚ್ಚಳದಲ್ಲಿ ಅದು ಇರಲಿಲ್ಲ. ಪೈಪು ಎಲ್ಲೋ ಮುಚ್ಚಿಕೊಂಡಿತ್ತು. ಟ್ಯಾಂಕಿಗೆ ಮೂಗಿನ ಎರಡೂ ಹೊಳ್ಳೆ ಕಟ್ಟಿದಂತಾಗಿ, ಪಂಪು ಎಳೆದಷ್ಟೂ ಒಳಗಿನ ಗಾಳಿ ತೆಳುವಾಗುತ್ತ ಬಂದು, ಕೊನೆಗೆ ಟ್ಯಾಂಕೇ ಪೆಟ್ರೋಲನ್ನು ಹಿಂದಕ್ಕೆ ಎಳೆದು ಹಿಡಿಯುತ್ತಿತ್ತು. ಮುಚ್ಚಳ ತೆಗೆದ ತಕ್ಷಣ ರೋಗ ವಾಸಿ. ಅದಾದ ಮೇಲೆ ನಾನು ಗೇಜು ಹಾಕಿ ಆರೋಗ್ಯವಂತನ ಒತ್ತಡ ಅಳೆಯುತ್ತಿದ್ದೆ. ಖಾಲಿ ಜಾಗ ಹೆಚ್ಚಿದ್ದ ಟ್ಯಾಂಕಿನಲ್ಲಿ ಐವತ್ತೈದು ನಿಮಿಷ ಓಡಿದ್ದ ಕಾರು, ನಾನು ಪ್ರೀತಿಯಿಂದ ಬಾಯಿಯವರೆಗೆ ತುಂಬಿಸಿದ ಮೇಲೆ, ಒಳಗೆ ಗಾಳಿಗೆ ಜಾಗವೇ ಇಲ್ಲದೆ ಇನ್ನಷ್ಟು ಬೇಗ ಹಣ್ಣಾಗಿರಬೇಕು. ಮನೆಯಿಂದ ಕೆಲಸ ಮಾಡುವ ಕಾಲದಲ್ಲಿ ವಾರಗಟ್ಟಲೆ ನಿಂತಿದ್ದ ಆ ಕಾರಿನ ಉಸಿರಿನ ಪೈಪಿನೊಳಗೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಅದು ತಿಳಿದದ್ದು ಮಾತ್ರ ವಾರದ ಮೇಲೆ, ಸೈಬರ್‌ಜಯಾದ ಗೆಳತಿ ಕಾರನ್ನು ಬಿಚ್ಚಿಸಿ ಫೋಟೋ ಕಳಿಸಿದಾಗ.

ಆಗ ಫೋನಿನಲ್ಲಿ ಮಾತ್ರ, "ಮುಚ್ಚಳ ಪೂರ್ತಿ ಬಿಗೀಬೇಡಿ," ಎಂದೆ. "ಬೀಗ ಹಾಕ್ಬೇಡಿ. ಸಡಿಲ ಬಿಟ್ಟು ಹೋಗಿ. ಪೆಟ್ರೋಲ್ ವಾಸನೆ ಬಂದ್ರೆ ಹೆದರ್ಬೇಡಿ, ಕಿಟಕಿ ತೆರೀರಿ. ಅರ್ಧ ಗಂಟೆಗೊಮ್ಮೆ ನನಗೊಂದು ಮೆಸೇಜ್ ಹಾಕಿ."

"ಡ್ರೈವ್ ಮಾಡ್ತಾ ಮೆಸೇಜ್ ಹೇಗೆ ಹಾಕ್ಲಿ ಅಂಕಲ್?"

"ಹೌದು. ಹಾಗಾದ್ರೆ ನಿಲ್ಲುವಾಗ. ನಿಲ್ಲಿಸುವಾಗ. ನೀವು ನಿಲ್ಲಿಸಿದ್ರೆ ಮಾತ್ರ."

ಅವರು ನಕ್ಕರು ಎಂದು ನೆನಪು. ಸ್ಟೆಲ್ಲಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, "ನೀವು ಹೋಗಿ ಮಗಳೇ, ಇವರ ಮಾತು ಇನ್ನು ಕೇಳ್ಬೇಡಿ," ಎಂದು ಇಟ್ಟುಬಿಟ್ಟಳು.

ಒಂಬತ್ತರವರೆಗೆ ನಾನು ಏನು ಮಾಡಿದೆ ಎಂದು ನೆನಪಿಲ್ಲ. ಆಗ, ಇಪೊ ಊರು ತಲುಪಿದೆ ಎಂದು ಮೆಸೇಜ್ ಬಂತು. ಆಮೇಲೆ ತುಂಬ ಹೊತ್ತು ಏನೂ ಬರಲಿಲ್ಲ. ಕೂರಲಾಗದೆ ವರ್ಕ್‌ಶಾಪಿಗೆ ಹೋದೆ. ರಜಾ ದಿನವಾದರೂ ಟೌಕೇ ಅಲ್ಲೇ ಇದ್ದರು. ರಟ್ಟಿನ ಪೆಟ್ಟಿಗೆಯಿಂದ ಆ ಕಾಗದ ತೆಗೆದೆ. ಕೋಷ್ಟಕ ಹಾಕಿ, ಗೆರೆ ಎಳೆದು, ಮುತ್ತು ಪೋಣಿಸಿದಂತೆ ಬರೆದಿದ್ದರು: ಎಷ್ಟು ದೂರ ಓಡಿತು, ಟ್ಯಾಂಕಿನಲ್ಲಿ ಎಷ್ಟಿತ್ತು, ಮತ್ತೆ ಹೊರಟದ್ದು ಹೇಗೆ. ಕೊನೆಯ ಕಾಲಂನಲ್ಲಿ ಮೂರೂ ಸಲ ಒಂದೇ ಉತ್ತರ: ಪೆಟ್ರೋಲು ಮುಗಿದಿರಬೇಕೆಂದು ಮುಚ್ಚಳ ತೆಗೆದು ಕ್ಯಾನಿನಿಂದ ಸ್ವಲ್ಪ ಸುರಿದೆ, ಕೂಡಲೇ ಸ್ಟಾರ್ಟ್ ಆಯಿತು.

ಟೌಕೇ ನನ್ನ ಹೆಗಲ ಮೇಲಿಂದ ಇಣುಕಿ ಓದಿದರು.

"ಈ ಪೇಪರಿನ ಕ್ವಾರಂಟೈನ್ ಗುರುವಾರವೇ ಮುಗಿದಿತ್ತು ಲಾ," ಎಂದರು.

"ಗೊತ್ತು."

"ಮತ್ತೆ?"

ಮತ್ತೆ ಏನು? ಗುರುವಾರ ನಾನು ಪಂಪು ಬದಲಿಸುತ್ತಿದ್ದೆ.

ಫೆಲಿಕ್ಸ್ ಮೇಸ್ತ್ರಿಯ ಪಾಠ ತಪ್ಪೇ ಎಂದು ಆಮೇಲೆ ಹಲವರು ಕೇಳಿದ್ದಾರೆ. ತಪ್ಪಲ್ಲ, ಅವರ ಕೈಯ ಗುರುತು ನಾನು ಕಂಡಿದ್ದೇನೆ. ಸರಿಯೇ ಎಂದರೆ, ಬುಕಿತ್ ಮೇರಾದ ರಸ್ತೆಯ ಬದಿ ಒಬ್ಬಳೇ ನಿಂತ ಹೆಣ್ಣುಮಗಳ ದನಿ ಕೇಳಿಸುತ್ತದೆ. ಮುಚ್ಚಳ ತೆಗೆಯಬೇಕೋ ಬೇಡವೋ ಎಂದು ಈಗಿನವರು ಕೇಳಿದರೆ, ತೆಗೆಯಿರಿ, ಆದರೆ ಕಿವಿ ಹತ್ತಿರ ಹಿಡಿದು ತೆಗೆಯಿರಿ, ಗಾಳಿ ಹೊರಗೆ ಬಂತೋ ಒಳಗೆ ಹೋಯಿತೋ ಗಮನಿಸಿ ಎನ್ನುತ್ತೇನೆ. ಕಿವಿ ಕೇಳಿಸದಿದ್ದರೆ ಕೇಳಿಸುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಇದಕ್ಕಿಂತ ಸ್ಪಷ್ಟವಾದ ಉಪದೇಶ ನನ್ನಲ್ಲಿಲ್ಲ. ಒಂದು ಕೆಲಸವನ್ನು ನಲವತ್ತು ವರ್ಷ ಸರಿಯಾಗಿ ಮಾಡಿಯೂ ಅದೇ ಕಾರಣಕ್ಕೆ ತಪ್ಪುವುದು ಹೇಗೆ ಸಾಧ್ಯ ಎಂಬುದು ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಮುಂದಿನ ತಿಂಗಳು ನಾನು ಕೆಲಸ ಬಿಟ್ಟೆ. ಟೌಕೇ ತಡೆಯಲಿಲ್ಲ, ಎರಡು ಕಿತ್ತಳೆ ಕೊಟ್ಟರು.

ಇಪೊದ ಆಚೆ, ತಾಪಾ ಎಂಬ ಊರು ದಾಟಿದ ಮೇಲೆ ಒಂದು ತಪಾಸಣೆಯಲ್ಲಿ ಪೊಲೀಸರು ಪೆಟ್ರೋಲಿನ ವಾಸನೆ ಹಿಡಿದು ಕಾರನ್ನು ಮುಕ್ಕಾಲು ಗಂಟೆ ನಿಲ್ಲಿಸಿಕೊಂಡಿದ್ದರು. ಕಾರು ತಾನಾಗಿ ಮತ್ತೆಲ್ಲೂ ನಿಲ್ಲಲಿಲ್ಲ. ಶಶಿಕಲಾ ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಸೈಬರ್‌ಜಯಾದಲ್ಲಿ ಕೀ ಒಪ್ಪಿಸಿ, ಎರಡೂವರೆಗೆ ಏರ್‌ಪೋರ್ಟಿನ ಸಾಲಿನಲ್ಲಿ ನಿಂತರು. ವಿಮಾನ ಎರಡು ಗಂಟೆ ತಡವಾಗಿ ಚೆನ್ನೈಗೆ ಹೊರಟಿತು, ಅವರು ಅದರಲ್ಲಿದ್ದರು. ಅಲ್ಲಿ ಒಂದು ವಾರದ ಕ್ವಾರಂಟೈನ್ ಮುಗಿಸಿ, ಹೊರಟ ಹತ್ತನೆಯ ದಿನ, ಬುಧವಾರ ಮಧ್ಯಾಹ್ನ ಮೈಸೂರಿನ ಮನೆ ತಲುಪಿದರು.